ಗುರಾಣಿಗೆ ಎರಡು, ಗೋಡೆಗೆ ಐದು

ಚಿಕಾಗೋದಿಂದ ವಾಯವ್ಯಕ್ಕೆ ಹೊರಟರೆ ಮುಗಿಲೆತ್ತರದ ಕಟ್ಟಡಗಳು ಬೇಗ ಹಿಂದೆ ಸರಿಯುತ್ತವೆ, ಉಪನಗರಗಳು ಮಾತ್ರ ಮುಗಿಯುವುದೇ ಇಲ್ಲ. ಅವೂ ಕೊನೆಗೊಮ್ಮೆ ತೆಳುವಾಗಿ, ಕೊಯ್ಲು ಮುಗಿದ ಮುಸುಕಿನ ಜೋಳದ ಹೊಲಗಳೂ ಕೆಂಪು ಬಳಿದ ಕೊಟ್ಟಿಗೆಗಳೂ ಕಾಣತೊಡಗಿದ ಮೇಲೆ ವಿಸ್ಕಾನ್ಸಿನ್ ರಾಜ್ಯದ ಗಡಿ. ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಲೇಕ್ ಜಿನೀವಾ ಎಂಬ ಪುಟ್ಟ ಊರು. ಒಟ್ಟು 130 ಕಿಲೋಮೀಟರ್ ಆಸುಪಾಸಿನ ದಾರಿ. 1871ರ ಮಹಾ ಬೆಂಕಿಯ ನಂತರ ಚಿಕಾಗೋದ ಸಿರಿವಂತರು ಇಲ್ಲಿನ ಸರೋವರದ ಸುತ್ತ ಬಂಗಲೆ ಕಟ್ಟಿಕೊಂಡರು. ಆ ಬಂಗಲೆಗಳ ಅಂಗಳದಲ್ಲೇ ಹಾದು, ನೀರಿನ ಅಂಚಿಗೆ ಸುತ್ತಿ ಬರುವ ಸುಮಾರು 34 ಕಿಲೋಮೀಟರ್ ಕಾಲುದಾರಿಯಿದೆ; ಯಾರು ಬೇಕಾದರೂ ನಡೆಯಬಹುದು. ಜನ ಬರುವುದು ಅದಕ್ಕೆ, ದೋಣಿಗೆ, ಐಸ್‌ಕ್ರೀಮಿಗೆ. ನಾವು ಬಂದದ್ದು ಗುರಾಣಿಯ ಜಾಡು ಹಿಡಿದು.

ಕರೆತಂದವಳು ಅಣ್ಣನ ಮಗಳು. ವಾರವಿಡೀ ಸಾಫ್ಟ್‌ವೇರ್ ಕೆಲಸ, ಶನಿವಾರ ರಾತ್ರಿ ಡಂಜನ್ ಮಾಸ್ಟರ್. ನಾಲ್ಕೈದು ಜನ ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕಥೆ ನಡೆಸುವುದು, ರಾಕ್ಷಸರ ಪಾತ್ರ ವಹಿಸುವುದು, ತಕರಾರು ಬಂದರೆ ತೀರ್ಪು ಕೊಡುವುದು ಮೂರೂ ಅವಳ ಪಾಲು. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಗರಕ್ಕೆ ಹೊಡೆಯುವವನ ಬಲ ಕೂಡಿಸಬೇಕು. ಅದು ಎದುರಾಳಿಯ ಆರ್ಮರ್ ಕ್ಲಾಸ್ ಎಂಬ ಅಂಕಿಯನ್ನು ಮುಟ್ಟಿದರೆ ಏಟು ಬಿತ್ತು, ಇಲ್ಲವಾದರೆ ತಪ್ಪಿತು. ಗುರಾಣಿ ಹಿಡಿದರೂ ಆ ಅಂಕಿ ಏರುತ್ತದೆ, ಮರೆಗೆ ಸರಿದರೂ ಏರುತ್ತದೆ. ಎಷ್ಟು ಏರಬೇಕು ಎಂಬುದರ ಮೇಲೆ ಐವತ್ತು ವರ್ಷಗಳಿಂದ ವಾದ ನಡೆದಿದೆ.

ಹಿಂದಿನ ದಿನ ಅವಳು ನನ್ನನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಚಿಕಾಗೋಗೆ ಕರೆದೊಯ್ದಿದ್ದಳು. ಜಾರ್ಜ್ ಹಾರ್ಡಿಂಗ್ ಎಂಬ ಸ್ಥಳೀಯ ರಾಜಕಾರಣಿಯ ಆಯುಧ, ಕವಚಗಳ ಸಂಗ್ರಹ 1982ರಲ್ಲಿ ಅಲ್ಲಿಗೆ ಬಂತು. 2017ರಲ್ಲಿ ಅದನ್ನು ಹೊಸ ಗ್ಯಾಲರಿಗಳಲ್ಲಿ ತೆರೆದಿಟ್ಟರು. ಕುದುರೆಗೂ ಸವಾರನಿಗೂ ತಲೆಯಿಂದ ಕಾಲಿನವರೆಗೆ ಉಕ್ಕು ತೊಡಿಸಿ ನಿಲ್ಲಿಸಿದ್ದಾರೆ. ಮೊಣಕೈ ಮಡಚುವ ಜಾಗದ ಒಂದೊಂದು ತಗಡೂ ಇನ್ನೊಂದರೊಳಗೆ ಜಾರುವ ಬಗೆ ನೋಡುತ್ತ ನಾನು ಅಲ್ಲೇ ನಿಂತುಬಿಟ್ಟೆ. ಕಮ್ಮಾರನ ಕೈ ಅಷ್ಟು ನಯವಾಗಬಲ್ಲದೇ?

‘ಚಿಕ್ಕಪ್ಪ, ಇವನ ಎಡಗೈ ನೋಡಿ. ಗುರಾಣಿ ಎಲ್ಲಿ?’

ಇರಲಿಲ್ಲ. ಮೈಪೂರ್ತಿ ತಗಡಿನ ಕವಚ ಬಂದ ಮೇಲೆ ಯೂರೋಪಿನ ಸವಾರರು ಗುರಾಣಿಯನ್ನು ಬಹುಮಟ್ಟಿಗೆ ಬದಿಗಿಟ್ಟರು. ಕಾಲಾಳುಗಳೂ ಕೈ ಖಾಲಿ ಮಾಡಿಕೊಂಡು ಎರಡು ಕೈಯ ಆಯುಧ ಹಿಡಿದರು. ಆಟದಲ್ಲಿ ಮಾತ್ರ ತಗಡಿನ ಕವಚಕ್ಕೆ 18, ಅದರ ಮೇಲೆ ಗುರಾಣಿ ಹಿಡಿದರೆ 20. ಇತಿಹಾಸ ಕೈಬಿಟ್ಟ ಜೋಡಿ ಅಲ್ಲಿ ಎಲ್ಲರಿಗಿಂತ ಗಟ್ಟಿಗ.

ಲೇಕ್ ಜಿನೀವಾದಲ್ಲಿ ಕಾರು ನಿಲ್ಲಿಸಿ ಮೊದಲು ಹೋದದ್ದು ಸೆಂಟರ್ ಸ್ಟ್ರೀಟಿನ 330ನೇ ಮನೆಯ ಮುಂದಕ್ಕೆ. ಗ್ಯಾರಿ ಗೈಗ್ಯಾಕ್ಸ್ ಇದ್ದ ಮನೆ. ವಿಮಾ ಕಂಪನಿಯ ಕೆಲಸ 1970ರಲ್ಲಿ ಕೈತಪ್ಪಿದ ಮೇಲೆ ಈತ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ತೂಗಿಸಿದವರು. ನೆಲಮಾಳಿಗೆಯಲ್ಲಿ ಮರಳು ಹರವಿದ ದೊಡ್ಡ ಮೇಜು. ಅದರ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ ಗೆಳೆಯರೊಂದಿಗೆ ಮಧ್ಯಯುಗದ ಕಾಳಗ. ಆ ಕಾಳಗಕ್ಕೆ ಜೆಫ್ ಪೆರೆನ್ ಜೊತೆ ಸೇರಿ ಬರೆದ ‘ಚೈನ್‌ಮೇಲ್’ ನಿಯಮಗಳು 1971ರಲ್ಲಿ ಅಚ್ಚಾದವು. ಕೊನೆಯಲ್ಲಿ ಮಾಟಗಾರರು, ಡ್ರ್ಯಾಗನ್‌ಗಳ ಒಂದು ಪುರವಣಿ. ಎಲ್ಲ ಕಿತಾಪತಿ ಶುರುವಾದದ್ದು ಆ ಪುರವಣಿಯಿಂದ. ಪಕ್ಕದ ಮಿನೆಸೋಟಾದ ಡೇವ್ ಆರ್ನೆಸನ್ ಅದನ್ನು ಬಳಸಿ ‘ಬ್ಲ್ಯಾಕ್‌ಮೂರ್’ ಎಂಬ ಲೋಕವನ್ನೇ ಕಟ್ಟಿ, 1972ರ ಕೊನೆಯ ತಿಂಗಳುಗಳಲ್ಲಿ ಈ ಊರಿಗೆ ಬಂದು ಆಡಿಸಿ ತೋರಿಸಿದರು. ಗೈಗ್ಯಾಕ್ಸ್ ಕೂತು ಬರೆಯತೊಡಗಿದರು. ಮೊದಲ ಪರೀಕ್ಷೆ ಮನೆಯ ಮಕ್ಕಳ ಮೇಲೆ, ಮಗ ಎರ್ನಿ, ಮಗಳು ಎಲೀಸ್. 1974ರಲ್ಲಿ ಮೂರು ಚಿಕ್ಕ ಪುಸ್ತಕಗಳ ಪೆಟ್ಟಿಗೆಯಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂತು. ಮೊದಲ ಮುದ್ರಣ 1000 ಪ್ರತಿ.

ಫುಟ್‌ಪಾತಿನ ಮೇಲೆ ನಿಂತು ನೋಡಿದೆ. ಅಮೆರಿಕದ ಯಾವ ಸಣ್ಣ ಊರಿನಲ್ಲಾದರೂ ಕಾಣಬಹುದಾದ ಮನೆ. ಇಂಥ ಮನೆಯ ನೆಲಮಾಳಿಗೆಯಿಂದ ಹೊರಟ ಲೆಕ್ಕ ಇವತ್ತು ಕಂಪ್ಯೂಟರ್ ಆಟಗಳಲ್ಲಿ ಕೋಟ್ಯಂತರ ಮಕ್ಕಳ ಬೆರಳಿನ ಕೆಳಗೆ ಓಡುತ್ತಿದೆ!

ಆರ್ಮರ್ ಕ್ಲಾಸಿನ ಕಲ್ಪನೆಯನ್ನು ಆರ್ನೆಸನ್ ಎಲ್ಲಿಂದ ತಂದರು ಗೊತ್ತೇ? ಅಮೆರಿಕದ ಅಂತರ್ಯುದ್ಧ ಕಾಲದ ಕಬ್ಬಿಣದ ಹಡಗುಗಳ ಯುದ್ಧದಾಟದಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಗುಂಡು ಹಡಗಿನ ಮೈಯನ್ನು ತೂರುತ್ತದೋ ಇಲ್ಲವೋ ಎಂಬ ಲೆಕ್ಕ ಮನುಷ್ಯನ ಮೈಗೆ ಇಳಿಯಿತು. 1974ರ ಪುಸ್ತಕದಲ್ಲಿ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು: ಬರಿಮೈಗೆ 9, ಗುರಾಣಿ ಮಾತ್ರ ಇದ್ದರೆ 8, ತಗಡಿನ ಕವಚ ಮತ್ತು ಗುರಾಣಿಗೆ 2. ಅಂದರೆ ಗುರಾಣಿಯ ಬೆಲೆ ಬರೇ ಒಂದು ಮೆಟ್ಟಿಲು, ದಾಳದಲ್ಲಿ ಇಪ್ಪತ್ತನೇ ಒಂದು ಪಾಲು. ಯೋಧರು ಸಾವಿರಾರು ವರ್ಷ ಪ್ರಾಣ ಒಪ್ಪಿಸಿದ್ದ ವಸ್ತುವಿಗೆ ಶೇಕಡಾ ಐದು! ನಮ್ಮ ಊರೂರ ವೀರಗಲ್ಲುಗಳಲ್ಲಿ ಗುರಾಣಿ ಹಿಡಿದು ನಿಂತವರಿಗೆ ಈ ಸುದ್ದಿ ಮುಟ್ಟಿಸುವ ಧೈರ್ಯ ನನಗಿಲ್ಲ.

ಬ್ರಾಡ್ ಸ್ಟ್ರೀಟಿನ ಹಾರ್ಟಿಕಲ್ಚರಲ್ ಹಾಲ್ ನೋಡಿದೆವು. 1968ರ ಆಗಸ್ಟ್‌ನಲ್ಲಿ ಗೈಗ್ಯಾಕ್ಸ್ ಅದನ್ನು 50 ಡಾಲರ್ ಬಾಡಿಗೆಗೆ ಹಿಡಿದು ಯುದ್ಧದಾಟದವರನ್ನೆಲ್ಲ ಸೇರಿಸಿದರು. ಅದೇ ಜೆನ್‌ಕಾನ್ ಮೇಳದ ಹುಟ್ಟು; ಈಗ ಅದು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತದೆ, ಹತ್ತಾರು ಸಾವಿರ ಜನ ಸೇರುತ್ತಾರೆ. ವಿಲಿಯಮ್ಸ್ ಸ್ಟ್ರೀಟಿನಲ್ಲಿ, ಆಟವನ್ನು ಪ್ರಕಟಿಸಿದ ಟಿಎಸ್‌ಆರ್ ಕಂಪನಿ ಮೊದಲು ಅಂಗಡಿ ತೆರೆದ ಮನೆಯ ಮುಂದೆಯೂ ಹಾದುಬಂದೆವು. ಹೊಟ್ಟೆ ಚುರುಗುಡುತ್ತಿತ್ತು.

ರಾತ್ರಿ ಉಳಿದುಕೊಂಡ ಕಡೆ ಮೇಜು ಖಾಲಿ ಮಾಡಿ ಅವಳು ಚೌಕಗಳ ಹಾಳೆ ಹಾಸಿದಳು. ಒಂದೊಂದು ಚೌಕವೂ ಐದು ಅಡಿ ನೆಲ. ಅವಳ ಇಬ್ಬರು ಗೆಳೆಯರೂ ಬಂದು ಸೇರಿದರು. ನನಗೆ ಕೊಟ್ಟದ್ದು ಸರಪಳಿ ಕವಚದ ಯೋಧ, 16. ಗುರಾಣಿ ಹಿಡಿದರೆ 18. ಎದುರಿಗೆ ಬಿಲ್ಲು ಹಿಡಿದ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರು, ಅವರಿಗೆ ಗರದ ಮೇಲೆ ನಾಲ್ಕು ಹೆಚ್ಚು. ಗುರಾಣಿ ಇಲ್ಲದಿದ್ದರೆ ನೂರಕ್ಕೆ 45 ಬಾಣ ನನಗೆ ತಾಗುತ್ತವೆ, ಇದ್ದರೆ 35. ಮೊಣಕಾಲುದ್ದದ ಗೋಡೆಯ ಹಿಂದೆ ಕೂತೆ. ಅರ್ಧ ಮರೆ, ಇನ್ನೂ ಎರಡು ಸೇರಿ 20, ಈಗ ನೂರಕ್ಕೆ 25.

‘ಕಂಬದ ಹಿಂದೆ ಹೋಗಿ ಚಿಕ್ಕಪ್ಪ, ಅಳೆದು ನೋಡೋಣ.’

ಅವಳು ಹೊಲಿಗೆ ದಾರ ತೆಗೆದಳು. ಗಾಬ್ಲಿನ್ ನಿಂತ ಚೌಕದ ಒಂದು ಮೂಲೆಯಿಂದ ನನ್ನ ಚೌಕದ ನಾಲ್ಕೂ ಮೂಲೆಗಳಿಗೆ ಒಂದೊಂದಾಗಿ ದಾರ ಎಳೆಯಬೇಕು. ಒಂದೆರಡು ಗೆರೆ ಅಡ್ಡ ಬಿದ್ದರೆ ಅರ್ಧ ಮರೆ. ಮೂರು, ನಾಲ್ಕು ಅಡ್ಡ ಬಿದ್ದೂ ಬಾಣಕ್ಕೆ ಸಂದು ಉಳಿದಿದ್ದರೆ ಮುಕ್ಕಾಲು ಮರೆ, ಐದು ಅಂಕ. ಮೂರು ಗೆರೆ ಕಂಬಕ್ಕೆ ತಡೆದವು. ನನ್ನ ಅಂಕಿ 23. ಹತ್ತೊಂಬತ್ತೋ ಇಪ್ಪತ್ತೋ ಗರ ಬಿದ್ದರಷ್ಟೇ ನನಗೆ ಏಟು, ನೂರಕ್ಕೆ ಹತ್ತು! ಆ ದಾರ ಮೇಜಿನ ಮೇಲೆ ಬಿಗಿಯಾದ ಕ್ಷಣ ನನಗೆ ಕಂಬ ಕಂಡಿತು. ಇದ್ದದ್ದು ಹಾಳೆಯ ಮೇಲೆ ಪೆನ್ಸಿಲ್ಲಿನ ಒಂದು ಸುತ್ತು ಅಷ್ಟೇ, ಆದರೂ ಕಲ್ಲಿನ ತಂಪು ಬೆನ್ನಿಗೆ ತಾಗಿದ ಹಾಗಾಯಿತು. ಪೂರ್ತಿ ಮರೆಯಾದರೆ ಗುರಿಯಿಡುವಂತೆಯೇ ಇಲ್ಲ, ಚೌಕಾಬಾರದಲ್ಲಿ ಅಡ್ಡಗೀಟಿನ ಮನೆಗೆ ಹೊಕ್ಕ ಕಾಯಿಯ ಹಾಗೆ. ಕವಡೆ ಎಷ್ಟು ಬಿದ್ದರೇನು, ಅಲ್ಲಿ ಕಡಿಯುವಂತಿಲ್ಲ.

ನಡುವೆ ನಿಂತ ಮನುಷ್ಯನೂ ಅರ್ಧ ಮರೆಯೇ, ಮಿತ್ರನಾಗಲಿ ಶತ್ರುವಾಗಲಿ. ನನ್ನ ಮುಂದೆ ನಿಂತವನಿಂದ ಗಾಬ್ಲಿನ್‌ಗೂ ಎರಡು ಅಂಕ ಸಿಕ್ಕಾಗ ನಾನು ಗೊಣಗಿದೆ. ಗಾಬ್ಲಿನ್‌ಗಳ ಮಾಂತ್ರಿಕ ಬೆಂಕಿಯುಂಡೆ ಎಸೆದಾಗ ಮಾತ್ರ ಗೊಣಗಾಟ ಜಗಳವೇ ಆಯಿತು. ಬೆಂಕಿಯಿಂದ ಜಿಗಿದು ಪಾರಾಗುವ ಗರಕ್ಕೆ ಗೋಡೆಯ ಅಂಕ ಸೇರುತ್ತದೆ, ಗುರಾಣಿಯದು ಸೇರುವುದಿಲ್ಲವಂತೆ! ಮುಖಕ್ಕೆ ಬೆಂಕಿ ಬಂದರೆ ಗುರಾಣಿ ಎತ್ತದವನು ಯಾವ ಸೀಮೆಯ ಯೋಧ? ‘ಶೀಲ್ಡ್ ಮಾಸ್ಟರ್ ಅಂತ ಒಂದು ವಿದ್ಯೆ ಇದೆ, ಕಲಿತಿದ್ದರೆ ಆ ಮಾತು ಬೇರೆ. ನೀವು ಕಲಿತಿಲ್ಲವಲ್ಲ’ ಎಂದು ದಾಳ ಉರುಳಿಸಿಯೇಬಿಟ್ಟಳು.

ಈ ಜಗಳ ನನಗಿಂತ ಹಳೆಯದು. ಗೈಗ್ಯಾಕ್ಸ್ ಮುಂದೆ ಬರೆದ ಅಡ್ವಾನ್ಸ್‌ಡ್ ನಿಯಮಗಳಲ್ಲಿ ಚಿಕ್ಕ ಗುರಾಣಿ ಒಂದು ಸುತ್ತಿನಲ್ಲಿ ಒಂದೇ ಏಟಿಗೆ, ಸಾಧಾರಣದ್ದು ಎರಡಕ್ಕೆ, ದೊಡ್ಡದು ಮೂರಕ್ಕೆ ಲೆಕ್ಕ. ಬೆನ್ನ ಕಡೆಯಿಂದ ಬಂದದ್ದಕ್ಕೆ ಇಲ್ಲ. ಅದೇ ನಿಯಮಗಳ 1979ರ ಪುಸ್ತಕದಲ್ಲಿ ಕಾಲುಭಾಗ ಮರೆಗೆ ಎರಡು ಅಂಕ, ನೂರಕ್ಕೆ ತೊಂಬತ್ತು ಮರೆಯಾದರೆ ಹತ್ತು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಬಂದ ‘ರೂನ್‌ಕ್ವೆಸ್ಟ್’ ಬೇರೆಯೇ ದಾರಿ ಹಿಡಿಯಿತು. ಅದನ್ನು ಬರೆದ ಸ್ಟೀವ್ ಪೆರಿನ್ ಮಧ್ಯಯುಗದ ಕಾಳಗವನ್ನು ಮೈಮೇಲೆ ಹಾಕಿಕೊಂಡು ಆಡುವ ಎಸ್‌ಸಿಎ ಬಳಗದವರು. ಅವರ ಆಟದಲ್ಲಿ ಗುರಾಣಿಯಿಂದ ತಡೆಯುವುದೇ ಒಂದು ಕಲಿಕೆ, ತಡೆದೆಯೋ ಇಲ್ಲವೋ ಎಂದು ಬೇರೆಯೇ ದಾಳ. ಕೈಗೆ ಏಟು ತಿಂದವರು ಬರೆದ ನಿಯಮ ಎಂದು ಗೊತ್ತಾಗುತ್ತದೆ. 2019ರ ‘ಪಾತ್‌ಫೈಂಡರ್’ ಎರಡನೇ ಆವೃತ್ತಿಯಲ್ಲಿ ಗುರಾಣಿ ಕೈಯಲ್ಲಿದ್ದರೆ ಸಾಲದು. ಪ್ರತಿ ಸರದಿಯ ಮೂರು ಕ್ರಿಯೆಗಳಲ್ಲಿ ಒಂದನ್ನು ಖರ್ಚು ಮಾಡಿ ಎತ್ತಬೇಕು. ತಡೆಯುವ ವಿದ್ಯೆ ಬಲ್ಲವನು ಅದನ್ನು ಹೊಡೆತಕ್ಕೆ ಒಡ್ಡಬಹುದು. ಉಕ್ಕಿನದು ಒಂದೊಂದು ಹೊಡೆತದಲ್ಲೂ ಐದು ನುಂಗುತ್ತದೆ, ಉಳಿದದ್ದು ಯೋಧನಿಗೂ ತಾಗುತ್ತದೆ, ಗುರಾಣಿಗೂ ತಾಗುತ್ತದೆ. ಕೊನೆಗೆ ಗುರಾಣಿ ಮುರಿಯುತ್ತದೆ. ಮುರಿಯಲೇಬೇಕು. ನಾರ್ವೆಯಲ್ಲಿ 1880ರಲ್ಲಿ ಅಗೆದ ಗೋಕ್‌ಸ್ಟಾಡ್ ಹಡಗಿನ ಜೊತೆ ಸಿಕ್ಕ ವೈಕಿಂಗ್ ಗುರಾಣಿಗಳು ತೆಳ್ಳನೆಯ ಪೈನ್ ಹಲಗೆಯವು.

ನನ್ನನ್ನು ಕೇಳಿದರೆ ಗುರಾಣಿ ಬೇರೆ, ಮರೆ ಬೇರೆ ಎಂದು ಎರಡು ಖಾತೆ ತೆರೆದಲ್ಲೇ ಲೆಕ್ಕ ತಪ್ಪಿದೆ. ಗುರಾಣಿ ಎಂದರೆ ಹೊತ್ತು ತಿರುಗುವ ಗೋಡೆ. ಇಟಲಿಯ ಜಿನೋವಾದ ಅಡ್ಡಬಿಲ್ಲಿನವರು ನೆಲಕ್ಕೂರಿ ಹಿಂದೆ ಕೂರುತ್ತಿದ್ದ ಪವೀಸ್ ಗುರಾಣಿ ಆಳುದ್ದ. 1346ರ ಕ್ರೆಸಿ ಯುದ್ಧದ ದಿನ ಅವು ಹಿಂದೆ ಸಾಮಾನು ಗಾಡಿಗಳಲ್ಲೇ ಉಳಿದವು, ಇಂಗ್ಲಿಷ್ ಬಾಣಗಳಿಗೆ ಆ ಬಿಲ್ಲುಗಾರರು ಬಯಲಲ್ಲಿ ಸಿಕ್ಕಿದರು. ಅದು ಎರಡು ಅಂಕದ ನಷ್ಟವೇ? ಮುಕ್ಕಾಲು ಮರೆಯೇ ಹೋಯಿತು. ಹಾಗೆಂದು ನಿಯಮ ಕಟ್ಟಿದವರನ್ನು ಬಯ್ಯಲಾರೆ. ಎರಡು, ಐದು ಎಂಬ ಸುಲಭದ ಅಂಕಿ ಇದ್ದುದರಿಂದಲೇ ಏನೂ ಬಾರದ ನಾನು ಆ ರಾತ್ರಿ ಹನ್ನೆರಡರವರೆಗೆ ಕಾದಾಡಿದೆ. ಪಾತ್‌ಫೈಂಡರ್‌ನ ಗುರಾಣಿ ಹೆಚ್ಚು ನಿಜ, ಆದರೆ ಹೊಸಬರ ಕೈಗೆ ಭಾರ.

ಮನೆಯಲ್ಲಿ ಆಡಬೇಕೆನ್ನುವವರಿಗೆ ಒಂದು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ; ಗುರಾಣಿಯ ಎರಡು, ಮುಕ್ಕಾಲು ಮರೆಯ ಐದು ಅದರಲ್ಲೇ ಇವೆ. ಮೂಲದ ಹೆಸರು ಹೇಳಿದರಾಯಿತು, ಕನ್ನಡಕ್ಕೆ ತರಲು ಬೇರೆ ಅಪ್ಪಣೆ ಬೇಕಿಲ್ಲ. ಇಂಗ್ಲಿಷಿನಲ್ಲಿ ಆಡಿ ಪಳಗಿದ ಹುಡುಗ ಹುಡುಗಿಯರು ಬೆಂಗಳೂರಿನಲ್ಲೂ ಚಿಕಾಗೋದಲ್ಲೂ ಇದ್ದೀರಿ, ಯಾರಾದರೂ ಕೈ ಹಾಕಿ.