ಉಮ್ಮನ ತಿಂಗಳ ಲೆಕ್ಕ

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಉಮರ್ಗಾ ತಲುಪುವ ಮೊದಲು ದಾಳಿಂಬ ಎಂಬ ಊರು ಸಿಗುತ್ತದೆ. ಅಲ್ಲಿ ನನ್ನದೊಂದು ಚಿಕ್ಕ ಬೇಕರಿ. ಬಂಟ್ವಾಳದ ಬ್ಯಾರಿ ಅಷ್ಟು ದೂರ ಹೇಗೆ ಹೋದ ಎಂದು ಕೇಳಬೇಡಿ. ವ್ಯಾಪಾರ ಕರೆದಲ್ಲಿಗೆ ಹೋಗುವುದು ನಮ್ಮವರಿಗೆ ಹೊಸತಲ್ಲ. ಅಂಗಡಿಯಲ್ಲಿ ಮರಾಠಿ, ಕನ್ನಡ, ಉರ್ದು ಮೂರೂ ನಡೆಯುತ್ತವೆ. ಬ್ಯಾರಿ ಭಾಷೆ ಮಾತ್ರ ರಾತ್ರಿ ಉಮ್ಮನಿಗೆ ಫೋನ್ ಮಾಡುವಾಗ.

ಉಪ್ಪ ತೀರಿಹೋದ ಮೇಲೆ ಉಮ್ಮ ಬಳೆ ಮಾರಿ ಎರಡು ಲಕ್ಷ ರೂಪಾಯಿಯನ್ನು ಒಂದು ಕಂಪೆನಿಗೆ ಕೊಟ್ಟಿದ್ದರು. "ಇದು ಬಡ್ಡಿಯಲ್ಲ, ವ್ಯಾಪಾರದ ಲಾಭ, ತಿಂಗಳಿಗೆ ಆರು ಸಾವಿರ" ಎಂದು ಹೇಳಿ ತೆಗೆದುಕೊಂಡರು. ಏಳು ತಿಂಗಳು ತಪ್ಪದೆ ಬಂತು. ಎಂಟನೆಯ ತಿಂಗಳು ಆಫೀಸಿಗೆ ಬೀಗ. ಉಮ್ಮ ಅಳಲಿಲ್ಲ. "ಸಕ್ಕರೆ ಕಾಯಿಲೆಯ ಮಾತ್ರೆಗೂ ಇನ್ನು ನಿನ್ನಲ್ಲಿ ಕೇಳಬೇಕಲ್ಲ ಮೋನೆ" ಎಂದರು, ಅಷ್ಟೆ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನೂ ವ್ಯಾಪಾರಿ. ಮದುವೆಯ ತಿಂಗಳಲ್ಲಿ ಕೈತುಂಬ, ಮಳೆಗಾಲದಲ್ಲಿ ಬ್ರೆಡ್ಡು ಹಾಗೆಯೇ ಉಳಿಯುತ್ತದೆ. ಎಲ್ಲ ತಿಂಗಳೂ ಒಂದೇ ಸಮನೆ ಬರುವ ಲಾಭ ಎಲ್ಲಿದೆ? ಇದನ್ನು ಮೊದಲೇ ಉಮ್ಮನಿಗೆ ಹೇಳಬೇಕಿತ್ತು.

ಆಮೇಲೆ ಡಿವಿಡೆಂಡ್ ಬಗ್ಗೆ ತಿಳಿದುಕೊಳ್ಳತೊಡಗಿದೆ. ಇದೇ ಮಹಾರಾಷ್ಟ್ರದ ಅಮಳನೇರಿನಲ್ಲಿ 1945ರಲ್ಲಿ ಮುಹಮ್ಮದ್ ಹಾಶಿಂ ಪ್ರೇಮ್‌ಜಿ ಎಣ್ಣೆಯ ಕಂಪೆನಿ ಶುರು ಮಾಡಿದರು. ಇಂದಿನ ವಿಪ್ರೋ ಅದೇ. ಅದರ ಶೇರು ಕೊಂಡು ಮಾರದೆ ಇಟ್ಟುಕೊಂಡ ಊರಿನ ಕುಟುಂಬಗಳು ಸಿರಿವಂತವಾದವು. ಕೇಳಲು ಚೆಂದ. ಆದರೆ ಮುಳುಗಿದ ಕಂಪೆನಿಗಳ ಕತೆಯನ್ನು ಯಾರೂ ಹೇಳುವುದಿಲ್ಲ.

ಡಿವಿಡೆಂಡ್ ಎಂದರೆ ಕಂಪೆನಿಯ ಲಾಭದಲ್ಲಿ ನಮ್ಮ ಪಾಲು. ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ. 2020ರಲ್ಲಿ ಕೊರೋನಾ ಬಂದಾಗ ಬ್ಯಾಂಕುಗಳು ಡಿವಿಡೆಂಡ್ ಕೊಡದಂತೆ ರಿಸರ್ವ್ ಬ್ಯಾಂಕೇ ತಡೆದಿತ್ತು. ಡಿವಿಡೆಂಡ್ ಸಿಗುತ್ತದೆಂದು ಹಿಂದಿನ ದಿನ ಶೇರು ಕೊಂಡರೂ ಪ್ರಯೋಜನವಿಲ್ಲ; ಮರುದಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಬಂದ ಹಣ ನಮ್ಮ ಆದಾಯಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಹಲಾಲ್ ಬಗ್ಗೆ ಉಸ್ತಾದರಲ್ಲಿ ಕೇಳಿದೆ. ಮದ್ಯ, ಬಡ್ಡಿಯ ವ್ಯವಹಾರದ ಕಂಪೆನಿ ಬೇಡ. ಉಳಿದವುಗಳ ಆದಾಯದಲ್ಲೂ ಸ್ವಲ್ಪ ಬಡ್ಡಿ ಸೇರಿದ್ದರೆ ಅಷ್ಟು ಪಾಲನ್ನು ಬಡವರಿಗೆ ಕೊಟ್ಟುಬಿಡು ಎಂದರು. ಹುಡುಕುವವರಿಗೆ ನಿಫ್ಟಿ 50 ಶರಿಯಾ ಎಂಬ ಸೂಚ್ಯಂಕವೂ ಇದೆ.

ಕೊನೆಗೆ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಶೇರಿನ ಬೆಲೆಯ ನೂರಕ್ಕೆ ಎರಡು ರೂಪಾಯಿ ಡಿವಿಡೆಂಡ್ ಬಂದರೆ, ತಿಂಗಳಿಗೆ ಹತ್ತು ಸಾವಿರ ಸಿಗಲು 60 ಲಕ್ಷ ಹೂಡಬೇಕು. ನಾಲ್ಕು ರೂಪಾಯಿ ಬಂದರೂ 30 ಲಕ್ಷ. ಉಮ್ಮನ ಎರಡು ಲಕ್ಷಕ್ಕೆ ವರ್ಷವಿಡೀ ಸಿಗುವುದು ನಾಲ್ಕರಿಂದ ಎಂಟು ಸಾವಿರ. ಆ ಕಂಪೆನಿಯವರು ತಿಂಗಳಿಗೇ ಆರು ಸಾವಿರ ಎಂದಿದ್ದರು!

ಹಾಗಾಗಿ ಮಾತ್ರೆಯ ಹಣ ಬೇಕರಿಯಿಂದಲೇ, ಒಂದನೇ ತಾರೀಕು ಉಮ್ಮ ಕೇಳುವ ಮೊದಲೇ ಅವರ ಖಾತೆಗೆ ಹೋಗುತ್ತದೆ. ಖರ್ಚು ಕಳೆದು ಉಳಿದದ್ದರಲ್ಲಿ ಮಾತ್ರ ಶೇರು, ಅದೂ ನಾಲ್ಕೈದು ಬೇರೆ ಬೇರೆ ಕಂಪೆನಿಗಳಲ್ಲಿ. ನಾಮಿನಿಯಾಗಿ ಉಮ್ಮನ ಹೆಸರು ಬರೆಸಿದ್ದೇನೆ. ಸತತ ಏಳು ವರ್ಷ ಡಿವಿಡೆಂಡನ್ನು ಯಾರೂ ಪಡೆಯದಿದ್ದರೆ ಆ ಹಣವೂ ಶೇರೂ ಸರಕಾರದ ನಿಧಿಗೆ ಹೋಗುತ್ತವೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಶೇರಿನ ಕಾಗದ ಇದೆಯೇ, ಒಮ್ಮೆ ನೋಡಿ.

ಮೊದಲ ಡಿವಿಡೆಂಡ್ ಬಂದದ್ದು 126 ರೂಪಾಯಿ. ಉಮ್ಮನಿಗೆ ಹೇಳಿದೆ.

"ಮುಂದಿನ ತಿಂಗಳೂ ಬರುತ್ತದಾ?"

"ಇಲ್ಲ ಉಮ್ಮ, ಇನ್ನು ಮುಂದಿನ ವರ್ಷ. ಅದೂ ಲಾಭವಾದರೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಉಮ್ಮ ನಕ್ಕರು. "ಹಾಗಾದರೆ ಇದು ವ್ಯಾಪಾರವೇ ಮೋನೆ."