ಸಶೇಷ

ಕನ್ನಡ ಪಾಠ ಹೇಳುವವನೊಬ್ಬ ಸಂಜೆಯ ಹೊತ್ತು ಟೆಲಿವಿಷನ್ನಿನ ಮುಂದೆ ಕುಳಿತು ಧಾರಾವಾಹಿ ನೋಡುತ್ತಾನೆಂದರೆ ಜನ ನಂಬುವುದಿಲ್ಲ, ನಂಬಿದರೂ ಕ್ಷಮಿಸುವುದಿಲ್ಲ. ಹಗಲೆಲ್ಲ ಪಂಪ ಕುಮಾರವ್ಯಾಸರನ್ನು ಬಾಯಿತುಂಬ ಹೊಗಳಿ, ರಾತ್ರಿ ಅತ್ತೆ ಸೊಸೆಯರ ಜಗಳಕ್ಕೆ ಕಿವಿಗೊಡುವುದು ವ್ರತಭಂಗವೆಂದು ಅವರ ಎಣಿಕೆ. ನನ್ನ ಸಹೋದ್ಯೋಗಿಗಳಲ್ಲಿ ಈ ಮಾತು ಬಂದಾಗ ಪ್ರತಿಯೊಬ್ಬರೂ, "ನಾನು ನೋಡುವುದಿಲ್ಲಪ್ಪ, ಮನೆಯವರು ಹಾಕಿದಾಗ ಕಿವಿಗೆ ಬೀಳುತ್ತದೆ, ಅಷ್ಟೆ" ಎನ್ನುತ್ತಾರೆ. ಕಿವಿಗೆ ಬಿದ್ದಷ್ಟರಿಂದಲೇ ನಾಯಕಿಯ ಸೀರೆಯ ಬಣ್ಣ ಅವರಿಗೆ ಹೇಗೆ ತಿಳಿಯುತ್ತದೋ ದೇವರಿಗೇ ಗೊತ್ತು. ನಾನಂತೂ ನೋಡುತ್ತೇನೆ. ನೋಡಿ ಸಿಟ್ಟಾಗುತ್ತೇನೆ, ನಗುತ್ತೇನೆ. ಒಮ್ಮೊಮ್ಮೆ ಕನ್ನಡಕ ಒರೆಸುವ ನೆವದಲ್ಲಿ ಕಣ್ಣನ್ನೂ ಒರೆಸಿಕೊಳ್ಳುತ್ತೇನೆ.

ಈ ಚಟದ ಬೀಜ ಬಿದ್ದದ್ದು 1990ರ ದಶಕದ ಆರಂಭದಲ್ಲಿ, ಸದಾನಂದ ಸುವರ್ಣರ 'ಗುಡ್ಡದ ಭೂತ' ದೂರದರ್ಶನದಲ್ಲಿ ಬರುತ್ತಿದ್ದ ಕಾಲಕ್ಕೆ. ನಾನಾಗ ಹತ್ತರ ಆಸುಪಾಸಿನ ಹುಡುಗ. ಮುಂದೆ ದೇಶಕ್ಕೆಲ್ಲ ಗೊತ್ತಾದ ಪ್ರಕಾಶ್ ರೈ ಅದರಲ್ಲಿ ಇನ್ನೂ ಎಳೆಯ ನಟ. ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಗಳಲ್ಲಿ. ಅಂಗಳದಲ್ಲಿ ಆಂಟೆನಾದ ಕಂಬ ತಿರುಗಿಸಲು ಒಬ್ಬ, ಕಿಟಕಿಯಲ್ಲಿ ನಿಂತು "ಬಂತು, ಬಂತು... ಹೋಯ್ತು" ಎಂದು ಕೂಗಲು ಇನ್ನೊಬ್ಬ; ಇಷ್ಟು ಸಿಬ್ಬಂದಿ ಸೇರದೆ ಭೂತ ಪ್ರತ್ಯಕ್ಷವಾಗುತ್ತಿರಲಿಲ್ಲ. ಆದರೆ ನಮ್ಮನ್ನು ಬೆಚ್ಚಿಬೀಳಿಸಿದ್ದು ಭೂತಕ್ಕಿಂತ ಮೊದಲು ಅದರ ಹಾಡು. ಧಾರಾವಾಹಿ ಕನ್ನಡದ್ದು, ಹಾಡು ತುಳುವಿನದು! ಅಡಿಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ಆಡುವ ನಮ್ಮ ಮಾತು ಸರಕಾರದ ಪೆಟ್ಟಿಗೆಯೊಳಗಿಂದ ರಾಗವಾಗಿ ಹೊರಟದ್ದನ್ನು ಕೇಳಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಗಿಸಿ ಮನೆಗೆ ಬರುವಾಗ ಟಾರ್ಚಿನ ಬೆಳಕು ಸಾಲದೆ ದೊಡ್ಡಮ್ಮನ ಸೆರಗನ್ನೂ ಹಿಡಿದುಕೊಳ್ಳುತ್ತಿದ್ದೆ. ದೊಡ್ಡಮ್ಮನಿಗೆ ಮಾತ್ರ ಆ ಧಾರಾವಾಹಿಯ ಮೇಲೊಂದು ಆಕ್ಷೇಪವಿತ್ತು. "ಭೂತಕ್ಕೆ ಹೆದರುವುದು ಎಂತಕ್ಕೆ ಮಾರಾಯ? ಅದು ನಮ್ಮನ್ನು ಕಾಯುವುದಲ್ಲವಾ?" ಎನ್ನುತ್ತಿದ್ದರು. ಘಟ್ಟದ ಮೇಲಿನವರಿಗೆ ಭೂತವೆಂದರೆ ಪಿಶಾಚಿ, ನಮಗೆ ದೈವ. ಒಂದೇ ಪದ ಚಾರ್ಮಾಡಿ ಹತ್ತುವಷ್ಟರಲ್ಲಿ ಅರ್ಥ ಬದಲಿಸಿಕೊಳ್ಳುತ್ತದೆ ಎಂಬುದನ್ನು ನಾನು ಯಾವ ಭಾಷಾಶಾಸ್ತ್ರದ ಗ್ರಂಥಕ್ಕೂ ಮೊದಲು ಅಲ್ಲಿಯೇ ಕಲಿತೆ. 2015ರಲ್ಲಿ 'ರಂಗಿತರಂಗ' ಚಿತ್ರದಲ್ಲಿ ಅದೇ ಹಾಡು ಮತ್ತೆ ಬಂದಾಗ ಚಿತ್ರಮಂದಿರದ ಕತ್ತಲಲ್ಲಿ ಹಿಂದಿನ ಸಾಲಿನವರಾರೋ ಜೊತೆಗೆ ಗುನುಗುತ್ತಿದ್ದರು; ನನ್ನ ವಯಸ್ಸಿನವರೇ ಇರಬೇಕು. 2024ರಲ್ಲಿ ಸುವರ್ಣರು ತೀರಿಕೊಂಡ ಸುದ್ದಿ ಓದಿದಾಗಲೂ ಅವರು 'ಘಟಶ್ರಾದ್ಧ'ದಂಥ ಚಿತ್ರದ ನಿರ್ಮಾಪಕರೆಂಬುದು ನೆನಪಾಗುವುದಕ್ಕೆ ಮುಂಚೆ ಕಿವಿಯಲ್ಲಿ ಆ ಹಾಡೇ ಕೇಳಿಸಿತು.

ಆ ಕಾಲದ ಕಥೆಗಳು ವಾರಕ್ಕೊಮ್ಮೆ ಬರುತ್ತಿದ್ದವು. ನಡುವಿನ ಆರು ದಿನ ಕಥೆ ನಮ್ಮೊಳಗೆ ಹಣ್ಣಾಗುತ್ತಿತ್ತು. ಆಮೇಲೆ 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ 'ಮಾಯಾಮೃಗ' ಬಂತು; ಅದು ದಿನನಿತ್ಯದ ಕಥೆ. ಅಂದಿನಿಂದ ಧಾರಾವಾಹಿಯೆಂಬುದು ಹಬ್ಬದ ಪಾಯಸವಾಗಿದ್ದದ್ದು ನಿತ್ಯದ ಗಂಜಿಯಾಯಿತು. ಗಂಜಿಯನ್ನು ಹಳಿಯುತ್ತಿಲ್ಲ, ನಮ್ಮ ಜಿಲ್ಲೆಯವನು ಹಾಗೆ ಮಾಡಲಾರ. 'ಮಾಯಾಮೃಗ'ದ ಜನ ನಮ್ಮ ಪಕ್ಕದ ಮನೆಯವರಂತೆ ಬಾಡಿಗೆ, ಕೆಲಸ, ಮದುವೆಗಳ ಚಿಂತೆಯಲ್ಲಿದ್ದರು. ಅವರ ಕಷ್ಟ ನಮ್ಮ ಕಷ್ಟಕ್ಕಿಂತ ಹೆಚ್ಚು ದೊಡ್ಡದಲ್ಲವೆಂಬುದೇ ಅದರ ಸೊಗಸು.

ಈಗಿನವುಗಳ ಮೇಲೆ ಎಲ್ಲರದೂ ಒಂದೇ ದೂರು: ಎಳೆಯುತ್ತಾರೆ. ಒಂದು ಮಾತು ಹೇಳಿದೊಡನೆ ಏಳು ಜನರ ಮುಖವನ್ನು ಮೂರು ಮೂರು ಸಲ ತೋರಿಸಿ, ಪ್ರತಿ ಮುಖಕ್ಕೂ ಒಂದೊಂದು ಸಿಡಿಲು ಹೊಡೆಸುತ್ತಾರೆ. ಒಪ್ಪಿದೆ. ಆದರೆ ಎಳೆಯುವುದು ನಮಗೇನು ಹೊಸದೆ? ಯಕ್ಷಗಾನದ ಒಡ್ಡೋಲಗದಲ್ಲಿ ರಾಜನೊಬ್ಬ ರಂಗಕ್ಕೆ ಬಂದು ತನ್ನ ಹೆಸರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು! ಕಾಲಮಿತಿಯ ಆಟಗಳು ಬರುವ ಮುನ್ನ, ಬೆಳಗಿನ ಜಾವದ ತನಕ ಚಾಪೆಯ ಮೇಲೆ ಕುಳಿತು ನೋಡಿದವರೇ ನಾವು. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ತಗುಲಿದ ಮೇಲೂ ರಾಮನನ್ನು ಪ್ರಶ್ನಿಸುತ್ತ ಹೋಗುತ್ತಿದ್ದರೆ, ಬೇಗ ಪ್ರಾಣ ಬಿಡಲಿ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಇನ್ನಷ್ಟು ಹೊತ್ತು ಉಸಿರಾಡಲಿ ಎಂದೇ ಹಾರೈಕೆ. ವ್ಯತ್ಯಾಸ ಇಷ್ಟೇ. ವಾಲಿಯ ಕಥೆಯ ಕೊನೆ ನಮಗೆ ಮೊದಲೇ ಗೊತ್ತು. ಗೊತ್ತಿದ್ದ ಮೇಲೆ "ಮುಂದೇನು" ಎಂಬ ಕುತೂಹಲ ಬಿಟ್ಟು "ಏನನ್ನುತ್ತಾನೆ" ಎಂದು ಕಾಯುತ್ತೇವೆ. ಆ ತಡದಲ್ಲಿ ಒಬ್ಬ ಮನುಷ್ಯ ದುಡಿಯುತ್ತಿದ್ದಾನೆ, ಮಾತಿನಲ್ಲಿಯೋ ಕಾಲಿನ ಗೆಜ್ಜೆಯಲ್ಲಿಯೋ. ಧಾರಾವಾಹಿಯ ತಡದಲ್ಲಿ ದುಡಿಯುವುದು ಕ್ಯಾಮೆರಾ ಒಂದೇ. ನಟಿ ಪಾಪ ಕಣ್ಣರಳಿಸಿ ಸುಮ್ಮನೆ ನಿಂತಿರುತ್ತಾಳೆ.

2018ರಲ್ಲಿ 'ಪುಟ್ಟಗೌರಿ ಮದುವೆ'ಯ ಗೌರಿ ಬೆಟ್ಟದಿಂದ ಬಿದ್ದೂ ಬದುಕಿದಾಗ ನನ್ನ ತರಗತಿಯ ಹುಡುಗರಿಗೆ ಒಂದು ವಾರ ಅದೇ ಹಬ್ಬ. ಮೊಬೈಲಿನಿಂದ ಮೊಬೈಲಿಗೆ ಹಾಸ್ಯಚಿತ್ರಗಳು ಹಾರಾಡಿದವು. ನಾನೂ ನಕ್ಕೆ. ಆ ಮೇಲೆ ಒಬ್ಬಳು ಹುಡುಗಿ, "ಸರ್, ಪ್ರಹ್ಲಾದನನ್ನೂ ಬೆಟ್ಟದಿಂದ ಉರುಳಿಸಿದರಲ್ಲ, ಆಗ ನಗುವುದಿಲ್ಲ ಯಾಕೆ?" ಎಂದಳು. ಪಾಠದ ಪುಸ್ತಕ ಮುಚ್ಚಿಟ್ಟು ಉತ್ತರಿಸಬೇಕಾದ ಪ್ರಶ್ನೆ. ಪ್ರಹ್ಲಾದ ಬದುಕುವುದಕ್ಕಾಗಿಯೇ ಆ ಕಥೆ ಹುಟ್ಟಿದೆ. ಅವನು ಸತ್ತರೆ ಕಥೆಗೆ ಅರ್ಥವಿಲ್ಲ. ಗೌರಿ ಬದುಕುವುದು ಸೋಮವಾರದ ಕಂತಿಗಾಗಿ. ಹಾಗೆಂದೆ. ಹುಡುಗಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ.

ನಟರು ಬದಲಾದಾಗ ಊರೆಲ್ಲ ಗದ್ದಲವೆದ್ದುದು ಮಾತ್ರ ನಮ್ಮ ಕರಾವಳಿಯವರಿಗೆ ವಿಚಿತ್ರವಾಗಿ ಕಾಣಬೇಕಿತ್ತು. 2022ರಲ್ಲಿ 'ಜೊತೆ ಜೊತೆಯಲಿ'ಯಲ್ಲಿ ಅನಿರುದ್ಧರು ಹೋಗಿ ಹರೀಶ್ ರಾಜ್ ಬಂದಾಗ ನಮ್ಮ ಪಕ್ಕದ ಮನೆಯ ಅಕ್ಕ, "ಅದರಲ್ಲಿ ಎಂತ ಉಂಟು? ಆಟದಲ್ಲಿ ಮೊದಲಿನ ಹರಿಶ್ಚಂದ್ರ ಬೇರೆ, ಕಾಡಿಗೆ ಹೋದ ಹರಿಶ್ಚಂದ್ರ ಬೇರೆ ಅಲ್ಲವಾ?" ಎಂದು ಮೆಣಸು ಒಣಗಿಸುತ್ತ ತೀರ್ಮಾನ ಕೊಟ್ಟರು. ಸೌಂದರ್ಯಮೀಮಾಂಸೆಯ ಒಂದು ಅಧ್ಯಾಯ ಅಲ್ಲಿಗೆ ಮುಗಿಯಿತು.

ನನಗಿರುವ ನಿಜವಾದ ಮುನಿಸು ಭಾಷೆಯದು. ಧಾರಾವಾಹಿಯಲ್ಲಿ ಮಂಗಳೂರಿನವನೊಬ್ಬ ಬಂದನೆಂದರೆ ಅವನು ಹೋಟೆಲಿನವನೋ ಅಡಿಗೆಯವನೋ ಆಗಿರಬೇಕು. ಬಾಯಿ ತೆರೆದರೆ "ಎಂತ ಮಾರಾಯ್ರೆ" ಎನ್ನಬೇಕು. ಎಂದೊಡನೆ ಉಳಿದವರು ನಗಬೇಕು. ನಾವು "ಎಂತ" ಎನ್ನುವುದು ನಿಜ. ಆದರೆ ಅದೇ "ಎಂತ"ದಲ್ಲಿ ಸಾವಿನ ಮನೆಯ ಬಾಗಿಲಲ್ಲಿಯೂ ವಿಚಾರಿಸುತ್ತೇವೆ, ಜ್ವರ ಬಂದ ಮಗುವನ್ನೂ ಕೇಳುತ್ತೇವೆ. ಆ ಧ್ವನಿ ಧಾರಾವಾಹಿಯವರ ಕಿವಿಗೆ ಬಿದ್ದಿಲ್ಲ. ಆಗದ ಕೆಲಸವೆನ್ನುವಂತಿಲ್ಲ. ವೈಶಾಲಿ ಕಾಸರವಳ್ಳಿಯವರು 'ಮೂಡಲಮನೆ'ಯಲ್ಲಿ ಉತ್ತರ ಕರ್ನಾಟಕದ ಮಾತನ್ನು ತಂದಾಗ ಅದರಲ್ಲಿ ಅಳುವುದಕ್ಕೂ ಸಿಟ್ಟಿಗೂ ಗೌರವಕ್ಕೂ ಎಡೆಯಿತ್ತು. ಇಲ್ಲಿ ಕುಳಿತ ನಮಗೂ ಅದು ಪೂರ್ತಿ ತಿಳಿಯುತ್ತಿತ್ತು. ನಮ್ಮ ಮಾತಿಗೆ ಅಂಥ ಪುಣ್ಯ ಇನ್ನೂ ಬರಬೇಕು.

ಮಗಳಿಗೆ ಈ ಯಾವ ತಾಪತ್ರಯವೂ ಇಲ್ಲ. ಅವಳು ಮೊಬೈಲಿನಲ್ಲಿ ತನಗೆ ಬೇಕಾದಾಗ, ಎರಡರಷ್ಟು ವೇಗದಲ್ಲಿ ನೋಡುತ್ತಾಳೆ. ನಿನ್ನೆ ನಾಯಕಿ ತಾಯಿಯೊಡನೆ ಏನೆಂದಳು ಎಂದು ಕೇಳಿದರೆ, "ಏನೂ ಹೇಳಲಿಲ್ಲ ಅಪ್ಪ, ನಾಲ್ಕು ನಿಮಿಷ ಅತ್ತಳು, ನಾನು ಎರಡರಲ್ಲಿ ಮುಗಿಸಿದೆ" ಎಂದಳು.

ದೊಡ್ಡಮ್ಮನ ನೋಟ ಇದಕ್ಕೆ ತೀರ ವಿರುದ್ಧ. ಕೊನೆಯ ವರ್ಷಗಳಲ್ಲಿ ಅವರು ನಮ್ಮ ಜೊತೆಯಲ್ಲಿಯೇ ಇದ್ದರು. 2018ರಲ್ಲಿ ಸೀತಾರಾಮರ 'ಮಗಳು ಜಾನಕಿ' ಆರಂಭವಾದಾಗ ಅವರಿಗೆ ಎಂಬತ್ತರ ಹತ್ತಿರ; ಕಿವಿ ಮಂದ. ಟಿ.ವಿ.ಗೆ ಎರಡು ಮೊಳ ದೂರದಲ್ಲಿ ಮಣೆ ಹಾಕಿಸಿಕೊಂಡು ಕೂರುವರು. ಉಳಿದ ದೃಶ್ಯಗಳಲ್ಲಿ ಬತ್ತಿ ಹೊಸೆಯುತ್ತಿದ್ದ ಕೈ, ಕೋರ್ಟಿನ ದೃಶ್ಯ ಬಂದರೆ ನಿಲ್ಲುತ್ತಿತ್ತು. ವಕೀಲ ಸಿ.ಎಸ್.ಪಿ. ಪಾಟೀಸವಾಲಿಗೆ ಎದ್ದನೆಂದರೆ ಮನೆಯಲ್ಲಿ ಯಾರೂ ಲೋಟ ಸದ್ದು ಮಾಡುವಂತಿಲ್ಲ. ಅದಕ್ಕೆ ಕಾರಣ ಮನೆಯವರಿಗೆಲ್ಲ ಗೊತ್ತು, ಯಾರೂ ಆಡುತ್ತಿರಲಿಲ್ಲ. ದೊಡ್ಡಪ್ಪ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಪಾಲಿನ ಜಾಗದ ಕುರಿತು ದೊಡ್ಡಮ್ಮ ಹನ್ನೊಂದು ವರ್ಷ ಕೋರ್ಟಿಗೆ ನಡೆದಿದ್ದರು. ಶಾಲೆಗೆ ರಜೆಯಿದ್ದ ದಿನ ವಾಯಿದೆ ಬಿದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ಬಟ್ಟೆಯ ಚೀಲದಲ್ಲಿ ಕಾಗದಪತ್ರ, ನನಗೊಂದು ಬಾಳೆಹಣ್ಣು. ಕರೆಯುವ ಹೊತ್ತಿಗೆ ಮಧ್ಯಾಹ್ನ; ಕರೆದರೆ ಇನ್ನೊಂದು ವಾಯಿದೆ. ಕೊನೆಗೆ ರಾಜಿಯಲ್ಲಿ ಮುಗಿಯಿತು. ಗೆದ್ದದ್ದೂ ಅಲ್ಲ, ಸೋತದ್ದೂ ಅಲ್ಲ. ಯಾರ ಮಾತು ಸತ್ಯವೆಂದು ಯಾರೂ ಬರೆದು ಓದಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಚಿತ್ರೀಕರಣಗಳು ನಿಂತವು. ಬೇರೆ ಹಲವು ಧಾರಾವಾಹಿಗಳು ಆಮೇಲೆ ಮುಂದುವರಿದವು. 'ಮಗಳು ಜಾನಕಿ' ನಡುವಿನಲ್ಲಿಯೇ ನಿಂತುಹೋಯಿತು. ದೂರದರ್ಶನದಲ್ಲಿ 1987ರ ರಾಮಾಯಣ ಮತ್ತೆ ಬರುತ್ತದೆಯೆಂದು ನಾನು ಹಾಕಿಕೊಟ್ಟೆ. ದೊಡ್ಡಮ್ಮ ಕೈಮುಗಿದು ಸ್ವಲ್ಪ ಹೊತ್ತು ನೋಡಿದರು. "ಇದರ ಕೊನೆ ನನಗೆ ಗೊತ್ತುಂಟು ಮಗಾ. ಅವಳದ್ದು ಗೊತ್ತಿಲ್ಲ" ಎಂದರು. ಕೆಲವು ದಿನ ಕಳೆದು, ಅದು ಇನ್ನು ಬರುವುದಿಲ್ಲವೆಂದು ತಿಳಿದ ಮೇಲೆ, "ನೀನು ಕನ್ನಡ ಕಲಿಸುವವನಲ್ಲವಾ, ಮುಂದಿನದ್ದು ಹೇಳು" ಎಂದು ನನ್ನನ್ನು ಹಿಡಿದರು. ನಾನು ಕಾದಂಬರಿಗಳ ಕ್ರಮದಲ್ಲಿ ಒಂದು ಮುಕ್ತಾಯ ಕಟ್ಟಿದೆ: ಗುಟ್ಟು ಬಯಲಾಯಿತು, ಕೆಟ್ಟವರಿಗೆ ಶಿಕ್ಷೆಯಾಯಿತು, ಅಪ್ಪ ಮಗಳು ಒಂದಾದರು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು. "ಇದು ಪುಸ್ತಕದ್ದಾಯಿತು" ಎಂದರು.

ಮರುದಿನದಿಂದ ತಾವೇ ಹೇಳತೊಡಗಿದರು. ಅದೇ ಹೊತ್ತಿಗೆ, ಅದೇ ಮಣೆಯ ಮೇಲೆ, ಆರಿಸಿಟ್ಟ ಟಿ.ವಿ.ಯ ಮುಂದೆ. ದಿನಕ್ಕೆ ಇಷ್ಟೇ ಎಂಬ ಲೆಕ್ಕ. ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ಯಾವ ನಿರ್ದೇಶಕನಿಗೂ ಕಡಿಮೆಯಿಲ್ಲದೆ ಗೊತ್ತಿತ್ತು. ಸೀತಾರಾಮರ ಜಾನಕಿ ಹೀಗೆ ನಮ್ಮ ಮನೆಯಲ್ಲಿ ನಿಧಾನವಾಗಿ ತುಳು ಮಾತಾಡಲು ಕಲಿತಳು, ಬಸಳೆ ಸಾರು ಮಾಡಿದಳು, ಬಸ್ಸಿನಲ್ಲಿ ಓಡಾಡಿದಳು. 2021ರಲ್ಲಿ ದೊಡ್ಡಮ್ಮ ತೀರಿಕೊಂಡರು. ಅವರು ಹೇಳಿದ ಕಂತುಗಳಲ್ಲಿ ಬಹಳಷ್ಟು ನನಗೆ ಮರೆತಿವೆ. ಒಂದು ನೆನಪಿದೆ.

ಆ ದಿನ ಜಾನಕಿ ಕೋರ್ಟಿಗೆ ಹೋಗಿದ್ದಳು. ಬೆಳಗಿನಿಂದ ಕಾದಿದ್ದಳು. ಮಧ್ಯಾಹ್ನ ಹೆಸರು ಕೂಗಿದರು. ಒಳಗೆ ಹೋದರೆ ಜಡ್ಜರು ಕಾಗದ ತೆಗೆಯುವ ಮೊದಲು ಅವಳ ಮುಖ ನೋಡಿದರಂತೆ. "ಎಷ್ಟು ಹೊತ್ತಾಯಿತಮ್ಮ ನಿಂತು? ಮೊದಲು ಕೂತುಕೋ" ಎಂದರಂತೆ. ಜವಾನನನ್ನು ಕರೆದು ಕುರ್ಚಿ ತರಿಸಿದರಂತೆ; ನೀರು ಕೊಡಿಸಿದರಂತೆ.

ಅಷ್ಟು ವಾಯಿದೆಗಳಲ್ಲಿ ದೊಡ್ಡಮ್ಮ ಕುಳಿತದ್ದನ್ನು ನಾನು ಕಂಡಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಚೀಲವನ್ನು ಎದೆಗವಚಿಕೊಂಡು ನಿಂತೇ ಇರುತ್ತಿದ್ದರು.

"ತೀರ್ಪು ಎಂತ ಆಯಿತು?" ಎಂದು ಕೇಳಿದೆ.

"ಅದು ನಾಳೆಗೆ" ಎಂದು ದೊಡ್ಡಮ್ಮ ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದರು.