ಎರಡು ಗುಟುಕಿನ ಪ್ರಸಂಗ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈ ಪುಟಗಳನ್ನು ಓದುತ್ತಾರೆಂದು ಬಲ್ಲೆ. ಆದ್ದರಿಂದ ಇಂದಿನ ಬರಹವನ್ನು ನೆನಪು ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎಂದರೆ ಸರಿಯಾದೀತು. ಅರವತ್ತಾರನೆಯ ವಯಸ್ಸಿನಲ್ಲಿ, ಬದುಕಿನಲ್ಲಿ ಮೊದಲ ಬಾರಿಗೆ, ನಾನು ಬಿಯರಿನ ರುಚಿ ನೋಡಿದೆ. ಎರಡೇ ಗುಟುಕು.

ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿದವನು ನಾನು. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುವ ಸಮೀಕರಣವನ್ನು ಹಲಗೆಯ ಮೇಲೆ ಬರೆದಾಗಲೆಲ್ಲ, "ಸಮೀಕರಣ ನೆನಪಿರಲಿ, ಎಥನಾಲ್ ಮರೆತುಬಿಡಿ" ಎನ್ನುತ್ತಿದ್ದೆ. ಅದು ಪ್ಯಾಕೆಟ್ ಸಾರಾಯಿಯ ಕಾಲ. ನನ್ನ ತರಗತಿಯ ಒಬ್ಬ ಹುಡುಗನ ತಂದೆ ಮಗನ ಪಠ್ಯಪುಸ್ತಕಗಳನ್ನೇ ತೂಕಕ್ಕೆ ಹಾಕಿ ಕುಡಿದಿದ್ದ. ಅಂದಿನಿಂದ ಪ್ರತಿ ಅಕ್ಟೋಬರ್ 2ರಂದು ಮಕ್ಕಳಿಂದ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸುತ್ತಿದ್ದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಮರುದಿನ ಶಾಲೆಯಲ್ಲಿ ಸಿಹಿ ಹಂಚಿದ್ದೆ. ಪ್ರತಿಜ್ಞೆಗೈದವರ ಸಾಲಿನಲ್ಲಿ ಒಮ್ಮೆ ನನ್ನ ಮಗನೂ ನಿಂತಿದ್ದ.

ಕಳೆದ ವರ್ಷ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸಮೀಪವಿರುವ ಅವನ ಮನೆಗೆ ಹೋಗಿದ್ದೆವು. ಒಂದು ರಾತ್ರಿ ನೀರಿಗೆಂದು ಫ್ರಿಜ್ ತೆರೆದಾಗ ಹಾಲಿನ ಕ್ಯಾನಿನ ಹಿಂದೆ ಬಿಯರ್ ಡಬ್ಬಿಗಳು ಕಂಡವು. ಬೆನ್ನ ಹಿಂದೆ ನಿಂತಿದ್ದ ಮಗನ ಮುಖ, ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗನ ಮುಖದಂತಾಗಿತ್ತು. ಎರಡು ದಿನ ಊಟದ ಮೇಜಿನಲ್ಲಿ ಮಾತಿರಲಿಲ್ಲ. ಅವನು ಕುಡಿದನೆಂಬುದಕ್ಕಿಂತ, ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟನೆಂಬುದೇ ನೋಯಿಸಿತ್ತು. ಮೂರನೆಯ ದಿನ ನಾನೇ ಕೇಳಿದೆ: "ಇದನ್ನು ಎಲ್ಲಿ ಮಾಡುತ್ತಾರಪ್ಪ? ತೋರಿಸು."

ಹೀಗೆ ನಾವು ಉತ್ತರದ ಚಿಕೋ ಎಂಬ ಊರಿಗೆ, ಸಿಯೆರಾ ನೆವಾಡಾ ಬ್ರೂವರಿಗೆ ಹೋದೆವು. ಸೊಸೆ ಕಾರು ನಡೆಸಿದಳು. ಕೆನ್ ಗ್ರಾಸ್‌ಮನ್ ಎಂಬಾತ ಗೆಳೆಯನೊಡನೆ ಹಳೆಯ ಡೈರಿಗಳ ಪಾತ್ರೆಪರಿಕರ ಕೂಡಿಸಿ ಕಟ್ಟಿದ ಸಂಸ್ಥೆಯಿದು. 1980ರಲ್ಲಿ ಇವರು ತಯಾರಿಸಿದ ಪೇಲ್ ಏಲ್, ಅಮೆರಿಕದ ಸಣ್ಣ ಬ್ರೂವರಿಗಳಿಗೆಲ್ಲ ಮಾದರಿಯಾಯಿತು.

ನನ್ನ ಕುತೂಹಲವೆಲ್ಲ ಹಾಪ್ ಹೂವಿನ ಮೇಲೆ. ಭಂಗಿ ಗಿಡದ ಕುಟುಂಬಕ್ಕೇ ಸೇರಿದ ಬಳ್ಳಿಯ ಹಸಿರು ಹೂವದು. ಬಾರ್ಲಿಯ ರಸ ಕುದಿಯಲಾರಂಭಿಸಿದಾಗಲೇ ಹಾಕಿದರೆ ಹೂವಿನ ಆಮ್ಲಗಳು ರೂಪಾಂತರಗೊಂಡು ಕಹಿ ಕೊಡುತ್ತವೆ, ಆದರೆ ಪರಿಮಳದ ತೈಲಗಳು ಆವಿಯಾಗಿ ಹೋಗುತ್ತವೆ. ಪರಿಮಳ ಬೇಕಾದರೆ ಕೊನೆಯಲ್ಲಿ ಹಾಕಬೇಕು. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವ ನಮ್ಮ ಅಡುಗೆಮನೆಯ ವಿವೇಕವೇ ಇದು!

ಮಗ ಗ್ಲಾಸನ್ನು ಹಿಂಜರಿಯುತ್ತಲೇ ನನ್ನತ್ತ ಸರಿಸಿದ. ಜೇನಿನ ಬಣ್ಣ, ಮೇಲೆ ಬಿಳಿಯ ನೊರೆ. ಮೂಗಿನ ಬಳಿ ತಂದೊಡನೆ ನನಗೆ ದೇವನಹಳ್ಳಿಯ ಚಕ್ಕೋತ ನೆನಪಾಯಿತು. ಸಿಪ್ಪೆ ಸುಲಿಯುವಾಗ ಉಗುರಿಗೆ ಹತ್ತುವ ಅದೇ ಘಮ. ಮೊದಲ ಗುಟುಕಿಗೆ ಹುರಿದ ಧಾನ್ಯದ ತೆಳುವಾದ ಸಿಹಿ. ಎರಡನೆಯದಕ್ಕೆ ಹಾಗಲಕಾಯಿಯಂತೆ ನಾಲಗೆಯ ಬುಡದಲ್ಲಿ ನಿಂತ ಕಹಿ. ಹಣ್ಣು ಬೆರೆಸಿದ್ದಾರೆಯೇ ಎಂದೆ. "ಇಲ್ಲ ಅಪ್ಪ, ಕ್ಯಾಸ್ಕೇಡ್ ಅನ್ನೋ ಜಾತಿಯ ಹಾಪ್ ಹೂವಿನ ವಾಸನೆ ಅದು. ಇಲ್ಲಿಯವರು ಗ್ರೇಪ್‌ಫ್ರೂಟ್ ಅಂತಾರೆ" ಎಂದ. ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಹುಟ್ಟಿದ್ದೇ ಗ್ರೇಪ್‌ಫ್ರೂಟ್. ನನ್ನ ಮೂಗು ತಾಯಿಹಣ್ಣನ್ನೇ ಹೇಳಿತ್ತು. ಇದನ್ನು ವಿವರಿಸಿದಾಗ ಮಗ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ಅನಂತರ ಮೆಲ್ಲನೆ, "ನಿಮಗೆ ಹೇಳೋಕೆ ಭಯ ಆಗ್ತಿತ್ತು ಅಪ್ಪ" ಎಂದ.

ಮೂರನೆಯ ಗುಟುಕು ನನಗೆ ಬೇಕೆನಿಸಲಿಲ್ಲ. ಹಣ್ಣಿನ ಕಂಪಿದೆಯೆಂದು ಎಥನಾಲ್ ಹಣ್ಣಿನ ರಸವಾಗುವುದಿಲ್ಲ. ಶೇ. 5.6ರ ಲೆಕ್ಕದಲ್ಲಿ 355 ಮಿ.ಲೀ. ಡಬ್ಬಿಯೊಂದರಲ್ಲಿ ಸುಮಾರು 20 ಮಿ.ಲೀ. ಎಥನಾಲ್ ಇರುತ್ತದೆ. ಈ ಲೆಕ್ಕವನ್ನು ಮಗನಿಗೂ ಹೇಳಿದೆ. ಮೇಷ್ಟ್ರ ಚಾಳಿ ಬಿಡುವುದುಂಟೇ! ಮದ್ಯದ ಬಗೆಗಿನ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನನ್ನ ಪ್ರತಿಜ್ಞೆ ಮಕ್ಕಳಿಗೆ ಸಂಯಮ ಕಲಿಸಿತೋ, ಬಚ್ಚಿಡುವುದನ್ನು ಕಲಿಸಿತೋ ಎಂಬ ಅನುಮಾನ ಅಂದಿನಿಂದ ಕಾಡುತ್ತಿದೆ.

ಜೊತೆಗೆ ಬರಲೊಪ್ಪದೆ ಮನೆಯಲ್ಲೇ ಉಳಿದಿದ್ದ ನನ್ನ ಶ್ರೀಮತಿ, "ಹೇಗಿತ್ತು?" ಎಂದಳು. "ಚಕ್ಕೋತದ ಸಿಪ್ಪೆ ಕಚ್ಚಿದ ಹಾಗೆ" ಎಂದೆ. "ಅದಕ್ಕೆ ಅಮೆರಿಕಕ್ಕೆ ಬರಬೇಕಿತ್ತೇ?" ಎಂದು ಒಳಗೆ ಹೋದಳು.

ಪುಸ್ತಕ ಕಳೆದುಕೊಂಡ ಆ ಹುಡುಗ ಇಂದು ಎಲ್ಲಿದ್ದಾನೋ ಅರಿಯೆ. ಮೇಷ್ಟ್ರು ಮಾತು ತಪ್ಪಿದರೆಂಬ ಸುದ್ದಿಯನ್ನು ಅವನು ಬೇರೆಯವರಿಂದ ಕೇಳುವುದು ಬೇಡ, ನನ್ನಿಂದಲೇ ತಿಳಿಯಲಿ ಎಂದು ಇಷ್ಟನ್ನು ಬರೆದೆ.